147 ಕೆಜಿಯ ಸೆಂಟರ್ ಬೇಕಾ, ಬೇಡ್ವಾ?

2008ರ ಫೆಬ್ರವರಿ 6ಕ್ಕೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೀನಿಕ್ಸ್ ಸನ್ಸ್ ಟೀಮು, ಎಲ್ರೂ ಶ್ಯಾಕ್ ಅಂತ ಕರೆಯೋ ಸೆಂಟರ್ (ಬಾಸ್ಕೆಟ್ ಹತ್ರ ಆಡೋ ದೊಡ್ಡ ಆಳು) ಶಕೀಲ್ ಓನೀಲ್‌ನ ತಗೊಂಡಾಗ ತುಂಬಾ ಜನಕ್ಕೆ ತಲೆಬುಡ ಅರ್ಥ ಆಗ್ಲಿಲ್ಲ. ಇನ್ನೊಂದು ತಿಂಗಳಿಗೆ 36 ತುಂಬೋ ಮನುಷ್ಯ, ಹಿಂದಿನ ಸೀಸನ್ನಲ್ಲಿ 82 ಮ್ಯಾಚಲ್ಲಿ 40 ಅಷ್ಟೇ ಆಡಿದ್ದ, ಆ ಸೀಸನ್ನಲ್ಲೂ ಸೊಂಟದ ನೋವು, ಸಂಬಳ ನೋಡಿದ್ರೆ ವರ್ಷಕ್ಕೆ 2 ಕೋಟಿ ಡಾಲರ್, ಅದೂ 2010ರ ತನಕ. ಸನ್ಸ್ ಆಗ ಲೀಗಲ್ಲೇ ಹೆಸರು ಮಾಡಿದ್ದು ಓಟಕ್ಕೆ. ಕೋಚ್ ಮೈಕ್ ಡ್ಯಾಂಟೋನಿ, ಬಾಲು ಸ್ಟೀವ್ ನ್ಯಾಶ್ ಕೈಲಿ, ಬಾಲ್ ಸಿಕ್ಕ ಏಳು ಸೆಕೆಂಡಲ್ಲಿ ಶಾಟ್ ಹೊಡೆದುಬಿಡ್ಬೇಕು ಅನ್ನೋ ಆಟ. ಅಂಥ ಟೀಮಿಗೆ ಇಂಥ ಸೆಂಟರ್ ಯಾಕೆ?

ಯಾಕೆ ಅಂದ್ರೆ ಸ್ಯಾನ್ ಆಂಟೋನಿಯೋ ಸ್ಪರ್ಸ್. 2005ರಲ್ಲೂ 2007ರಲ್ಲೂ ಪ್ಲೇಆಫಲ್ಲಿ (ಸೀಸನ್ ಮುಗಿದ್ಮೇಲೆ ನಡೆಯೋ ನಾಕೌಟ್ ಸರಣಿಗಳು) ಸನ್ಸ್‌ನ ಮನೆಗೆ ಕಳ್ಸಿದ್ದು ಅವ್ರೇ, ಮತ್ತೆ ಬಾಸ್ಕೆಟ್ ಹತ್ರ ಅವರ ಟಿಮ್ ಡಂಕನ್ ಮುಂದೆ ಗಟ್ಟಿಯಾಗಿ ನಿಲ್ಲೋ ದೇಹ ಸನ್ಸ್ ಹತ್ರ ಇರ್ಲಿಲ್ಲ. ಸಮಸ್ಯೆ ನಿಜ. ಆದ್ರೆ ಇಂಥ ಡೀಲ್ ಬಂದಾಗ ಎಲ್ರೂ ಕೇಳೋದು "ವಯಸ್ಸಾಯ್ತಲ್ಲ, ಇನ್ನೂ ಆಡ್ತಾನಾ?" ಅಂತ. ನನ್ನ ಪ್ರಕಾರ ಅದು ಸುಲಭದ ಪ್ರಶ್ನೆ. ಅವನು ಬಂದ್ಮೇಲೆ ಯಾರ ಜಾಗ ಹೋಗುತ್ತೆ ಅನ್ನೋದು ಕಷ್ಟದ್ದು.

ಮೊದ್ಲು ದೇಹದ ಲೆಕ್ಕ, ಯಾಕಂದ್ರೆ ಅಲ್ಲಿ ಭೌತಶಾಸ್ತ್ರ ಚೆನ್ನಾಗಿದೆ. ಶ್ಯಾಕ್ ಎತ್ತರ 216 ಸೆಂಮೀ, ನ್ಯಾಶ್ 191, ಅಂದ್ರೆ ಶ್ಯಾಕ್ ಬರೀ 13% ಹೆಚ್ಚು ಎತ್ತರ. ಈಗ ನ್ಯಾಶ್‌ನ ಅದೇ ಆಕಾರದಲ್ಲಿ 216 ಸೆಂಮೀಗೆ ಹಿಗ್ಗಿಸಿ ನೋಡಿ: ಮೂಳೆ ಅಡ್ಡ ಕೊಯ್ದ್ರೆ ಕಾಣೋ ವಿಸ್ತೀರ್ಣ ಎತ್ತರದ ವರ್ಗದ ಲೆಕ್ಕದಲ್ಲಿ 28% ಹೆಚ್ಚುತ್ತೆ, ತೂಕ ಘನದ ಲೆಕ್ಕದಲ್ಲಿ 45% ಹೆಚ್ಚುತ್ತೆ. ಹೊರೋ ಕಂಬ ಅಷ್ಟು ದಪ್ಪ ಆಗ್ಲಿಲ್ಲ, ಹೊರೆ ಮಾತ್ರ ಏರಿತು, ಅದಕ್ಕೇ ಎತ್ತರದವರ ಮಂಡಿ, ಪಾದ, ಸೊಂಟ ಬೇಗ ತೊಂದ್ರೆ ಕೊಡೋದು. ಶ್ಯಾಕ್ ವಿಷಯದಲ್ಲಿ ಅದರ ಮೇಲೆ ಇನ್ನಷ್ಟು ಮೈ ಬೇರೆ, ಅವನ ತೂಕ ಸುಮಾರು 147 ಕೆಜಿ, ಪ್ರತಿ ಸಲ ಹಾರಿ ಇಳಿದಾಗ ಕಾಲಿಗೆ ಬೀಳೋ ಬಲ ಆ ತೂಕದ ಎಷ್ಟೋ ಪಟ್ಟು. ವಯಸ್ಸಾದಂಗೆ ಎತ್ತರ ಎಲ್ಲೂ ಹೋಗಲ್ಲ, ಕೈ ಚಳಕವೂ ಉಳಿಯುತ್ತೆ, ಹೋಗೋದು ಅಡ್ಡಡ್ಡ ಸರಿಯೋ ವೇಗ ಮತ್ತೆ ಒಂದು ಸಲ ಹಾರಿದ ತಕ್ಷಣ ಎರಡನೇ ಸಲ ಹಾರೋ ತಾಕತ್ತು. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಹಾಗಂತ ದೇಹ ಕೈ ಕೊಡ್ತಾ? ಇಲ್ಲ! ಸನ್ಸ್‌ನ ಟ್ರೇನರ್‌ಗಳು ಆಗ ಲೀಗಲ್ಲೇ ಹೆಸರುವಾಸಿ, ವರ್ಷಗಟ್ಟಲೆ ಪಾದದ ಗಂಟಿನ ಗಾಯದಲ್ಲಿ ನರಳಿದ ಗ್ರಾಂಟ್ ಹಿಲ್ 2008-09ರಲ್ಲಿ ತನ್ನ ಕೆರಿಯರಲ್ಲೇ ಮೊದಲ ಸಲ 82ಕ್ಕೆ 82 ಮ್ಯಾಚ್ ಆಡಿದ್ದು ಇವರ ಕೈಲೇ. ಶ್ಯಾಕ್ ಕೂಡ ಆ ಸೀಸನ್ 75 ಮ್ಯಾಚ್ ಆಡ್ದ, ಸರಾಸರಿ 17.8 ಪಾಯಿಂಟ್, ಶಾಟ್‌ಗಳಲ್ಲಿ 60.9% ಒಳಗೆ, ಲೀಗಲ್ಲೇ ನಂಬರ್ ಒನ್. ಆಡ್ತಾನಾ ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ. ಆದ್ರೂ ಆ ವರ್ಷ ಸನ್ಸ್ 46 ಗೆದ್ದು 36 ಸೋತು, ಪ್ಲೇಆಫಿಗೇ ಇಲ್ಲ (ಟೀಮಿನ ಅಮಾರೆ ಸ್ಟೌಡಮೈರ್ ಕಣ್ಣಿಗೆ ಪೆಟ್ಟಾಗಿ ಕೂತಿದ್ದೂ ಒಂದು ಕಾರಣ, ಅದನ್ನ ಹೇಳ್ದೆ ಇದ್ರೆ ಅನ್ಯಾಯ).

ಈಗ ದುಡ್ಡು. ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೇ ಎನ್‌ಬಿಎಗೂ ಸ್ಯಾಲರಿ ಕ್ಯಾಪ್ ಅಂತ ಇದೆ, ವ್ಯತ್ಯಾಸ ಏನಂದ್ರೆ ಇದನ್ನ ಮೀರ್ಬಹುದು, ಮೀರಿ ಇನ್ನೊಂದು ಗೆರೆ ದಾಟಿದ್ರೆ ಆಗಿನ ನಿಯಮದಲ್ಲಿ ದಾಟಿದ ಪ್ರತಿ ಡಾಲರಿಗೆ ಒಂದು ಡಾಲರ್ ತೆರಿಗೆ. 2007-08ರಲ್ಲಿ ಕ್ಯಾಪ್ ಸುಮಾರು 5.56 ಕೋಟಿ, ಶ್ಯಾಕ್ ಒಬ್ಬನದೇ ಅದರಲ್ಲಿ 36%. ಕ್ಯಾಪ್ ಮೀರಿದ ಟೀಮು ಟ್ರೇಡ್ (ಆಟಗಾರರ ಅದಲುಬದಲು) ಮಾಡುವಾಗ ಹೋಗೋ ಸಂಬಳ, ಬರೋ ಸಂಬಳ ಹೆಚ್ಚುಕಮ್ಮಿ ಹೊಂದಬೇಕು, ಹಾಗಾಗಿ ದೊಡ್ಡ ಸಂಬಳದ ಸೆಂಟರ್ ಬೇಕು ಅಂದ್ರೆ ದೊಡ್ಡ ಸಂಬಳದ ಇನ್ನೊಬ್ಬನ್ನ ಬಿಡ್ಲೇಬೇಕು. ಬಿಟ್ಟಿದ್ದು ಶಾನ್ ಮೇರಿಯನ್ನ, ಜೊತೆಗೆ ಮಾರ್ಕಸ್ ಬ್ಯಾಂಕ್ಸ್‌ನ. ಮೇರಿಯನ್ ಅಂದ್ರೆ ಎದುರಿನ ಚಿಕ್ಕ ಗಾರ್ಡಿಂದ ಹಿಡಿದು ದಪ್ಪ ಫಾರ್ವರ್ಡ್ ತನಕ ಯಾರನ್ನ ಬೇಕಾದ್ರೂ ತಡೆಯೋ ಆಸಾಮಿ. ಇದಕ್ಕಿಂತ ಹೊಟ್ಟೆ ಉರಿಸೋ ವಿಷಯ ಇನ್ನೊಂದಿದೆ: ಹಿಂದಿನ ಬೇಸಿಗೇಲಿ ತೆರಿಗೆ ಉಳಿಸೋಕೆ ಅಂತ ಸನ್ಸ್ ಕರ್ಟ್ ಥಾಮಸ್ ಅನ್ನೋ ಅನುಭವಿ ಬಿಗ್ ಮ್ಯಾನನ್ನ ಎರಡು ಫಸ್ಟ್ ರೌಂಡ್ ಪಿಕ್ (ಹೊಸ ಆಟಗಾರರನ್ನ ಮೊದಲ ಸುತ್ತಲ್ಲೇ ಆರಿಸೋ ಹಕ್ಕು) ಜೊತೆಗಿಟ್ಟು ಸಿಯಾಟಲ್‌ಗೆ ದಾಟಿಸಿತ್ತು. ಡಂಕನ್ ಮುಂದೆ ಸುಮಾರಾಗಿ ನಿಲ್ತಿದ್ದವನೇ ಅವನು. ಶ್ಯಾಕ್ ಬಂದ ಎರಡೇ ವಾರಕ್ಕೆ ಆ ಥಾಮಸ್‌ನ ಎತ್ಕೊಂಡಿದ್ದು ಯಾರು ಅಂತೀರಾ, ಸ್ಪರ್ಸ್.

2008ರ ಏಪ್ರಿಲಲ್ಲಿ ಪ್ಲೇಆಫಿನ ಮೊದಲ ರೌಂಡಲ್ಲೇ ಸನ್ಸ್‌ಗೆ ಸ್ಪರ್ಸ್ ಎದುರಾದ್ರು. ಮೊದಲ ಮ್ಯಾಚಲ್ಲಿ ಡಂಕನ್, ಇಡೀ ಸೀಸನ್ ಒಂದೂ ತ್ರೀ ಪಾಯಿಂಟರ್ (ದೂರದಿಂದ ಹಾಕೋ ಮೂರು ಪಾಯಿಂಟಿನ ಶಾಟ್) ಹಾಕದವನು, ಓವರ್‌ಟೈಮ್ ಮುಗಿಯೋ ಹೊತ್ತಿಗೆ ಒಂದು ಹಾಕ್ಬಿಟ್ಟ, ಎರಡನೇ ಓವರ್‌ಟೈಮಲ್ಲಿ ಸ್ಪರ್ಸ್ 117-115ಕ್ಕೆ ಗೆದ್ರು. ಅದು ಅದೃಷ್ಟ ಅನ್ನೋಣ. ಆದ್ರೆ ಮುಂದೆ ಆಗಿದ್ದು ಅದೃಷ್ಟ ಅಲ್ಲ. ಸ್ಪರ್ಸ್‌ನ ಟೋನಿ ಪಾರ್ಕರ್ ಪಿಕ್ ಅಂಡ್ ರೋಲ್ ಮಾಡ್ಕೊಂಡು ಬರ್ತಾನೆ, ಅಂದ್ರೆ ಶ್ಯಾಕ್ ಕಾಯ್ತಿರೋ ಆಟಗಾರ ಬಂದು ಪಾರ್ಕರ್‌ನ ಡಿಫೆಂಡರ್‌ಗೆ ಅಡ್ಡ ನಿಲ್ತಾನೆ, ಆಗ ಶ್ಯಾಕ್ ಎರಡು ಹೆಜ್ಜೆ ಮುಂದೆ ಬಂದು, ಅಡ್ಡ ಸರಿದು, ವಾಪಸ್ ಓಡ್ಬೇಕು. ಮೇಲೆ ಹೇಳಿದ್ನಲ್ಲ, 36ರ ವಯಸ್ಸಲ್ಲಿ ಎಲ್ಲಕ್ಕಿಂತ ಮೊದಲು ಹೋಗೋದೇ ಅದು. ಶ್ಯಾಕ್ ಹಿಂದೆ ನಿಂತ್ರೆ ಪಾರ್ಕರ್ ನಿರಾಳವಾಗಿ ಶಾಟ್ ಹೊಡೀತಾನೆ, ಮುಂದೆ ಬಂದ್ರೆ ಪಕ್ಕದಲ್ಲೇ ನುಗ್ಗಿ ಹೋಗ್ತಾನೆ. ಮೂರನೇ ಮ್ಯಾಚಲ್ಲಿ 41 ಹೊಡೆದ. ಡಂಕನ್‌ಗೆ ಅಂತ ತಂದ ಔಷಧಿ, ಪೆಟ್ಟು ಬಿದ್ದಿದ್ದು ಪಾರ್ಕರ್ ಕಡೆಯಿಂದ.

ಇನ್ನು ಫ್ರೀ ಥ್ರೋ, ಅಂದ್ರೆ ಫೌಲ್ ಆದಾಗ ಯಾರೂ ತಡೆಯದೆ ಹೊಡೆಯೋ, ಒಂದೊಂದು ಪಾಯಿಂಟಿನ ಶಾಟ್. ಕೆರಿಯರ್ ಪೂರ್ತಿ ಶ್ಯಾಕ್‌ದು 52.7%. ಸ್ಪರ್ಸ್ ಕೋಚ್ ಗ್ರೆಗ್ ಪಾಪೊವಿಚ್ ಬೇಕಂತಲೇ ಅವನಿಗೆ ಫೌಲ್ ಮಾಡಿಸ್ತಿದ್ರು, ಮತ್ತೆ ಲೆಕ್ಕ ಸರಿಯಾಗೇ ಇದೆ: ಎರಡು ಥ್ರೋ, ಒಂದೊಂದೂ ಅರ್ಧ ಚಾನ್ಸು, ಒಟ್ಟು 1 ಪಾಯಿಂಟ್. ಸನ್ಸ್ ತಮ್ಮ ಪಾಡಿಗೆ ಆಡಿದ್ರೆ ಬಾಲ್ ಕೈಗೆ ಸಿಕ್ಕ ಒಂದು ಸರದಿಗೆ, ಅಂದ್ರೆ ಒಂದು ಪೊಸೆಷನ್‌ಗೆ ಸರಾಸರಿ 1.1ಕ್ಕಿಂತ ಸ್ವಲ್ಪ ಜಾಸ್ತಿ ಬರ್ತಿತ್ತು. ಹತ್ತು ಸಲ ಫೌಲ್ ಮಾಡಿದ್ರೆ ಒಂದೋ ಎರಡೋ ಪಾಯಿಂಟ್ ಉಳೀತು, ಇಷ್ಟೇನಾ ಅನ್ಸುತ್ತೆ, ಆದ್ರೆ ಮೊದಲ ಮ್ಯಾಚ್ ಎಷ್ಟರಲ್ಲಿ ಹೋಗಿದ್ದು ನೋಡಿದ್ರಲ್ಲ, ಜೊತೆಗೆ ನ್ಯಾಶ್ ಓಡೋ ಆಟವೇ ನಿಂತು ಎಲ್ರೂ ಲೈನಲ್ಲಿ ನಿಂತು ಥ್ರೋ ನೋಡೋ ಹಾಗಾಯ್ತು. ಸರಣಿ 4-1, ಸ್ಪರ್ಸ್ ಪಾಲಿಗೆ. ಡ್ಯಾಂಟೋನಿ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋದ್ರು.

ಹಾಗಾದ್ರೆ ದುಬಾರಿ ಹಳೇ ಸೆಂಟರ್ ಯಾವತ್ತೂ ಬೇಡ್ವಾ? 2019ರ ಫೆಬ್ರವರೀಲಿ ಟೊರೊಂಟೊ ರ‍್ಯಾಪ್ಟರ್ಸ್ 34ರ ಮಾರ್ಕ್ ಗ್ಯಾಸೋಲ್‌ನ ತಗೊಂಡ್ರು, ಸಂಬಳ 2.4 ಕೋಟಿಗೂ ಮೇಲೆ. ಅವನೂ ನಿಧಾನವೇ. ಆದ್ರೆ ಅವನು ಬಾಸ್ಕೆಟಿಂದ ದೂರ ನಿಂತು ಪಾಸ್ ಕೊಡ್ತಾನೆ, ತ್ರೀ ಹಾಕ್ತಾನೆ, ಅಂದ್ರೆ ಟೀಮಿನ ಸ್ಟಾರ್ ಕಾವೈ ಲೆನರ್ಡ್ ನುಗ್ಗೋಕೆ ಬೇಕಾದ ಜಾಗ ಖಾಲಿ ಇರುತ್ತೆ. ಕೊಟ್ಟಿದ್ದು ಯಾರನ್ನ, ಇನ್ನೊಬ್ಬ ಸೆಂಟರ್‌ನೇ, ಯೋನಾಸ್ ವಲಂಚ್ಯೂನಸ್, ಜೊತೆಗೆ ಬೆಂಚಿನ ಇಬ್ರು. ಆಟದ ರೀತಿ ಅಲ್ಲಾಡ್ಲಿಲ್ಲ. ಎರಡನೇ ರೌಂಡಲ್ಲಿ ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್, ಸೀಸನ್ ಪೂರ್ತಿ 27.5 ಸರಾಸರಿ ಇದ್ದವನು, ಇವನ ಮುಂದೆ 18ರ ಆಸುಪಾಸಿಗೆ ಬಂದ. ಟೊರೊಂಟೊ ಕಪ್ ಗೆದ್ದಿತು, ಫೈನಲಲ್ಲಿ ಸೋತ ಗೋಲ್ಡನ್ ಸ್ಟೇಟ್‌ನ ಕೋಚ್ ಸ್ಟೀವ್ ಕರ್, ಅಂದ್ರೆ 2008ರಲ್ಲಿ ಜನರಲ್ ಮ್ಯಾನೇಜರ್ ಆಗಿ ಶ್ಯಾಕ್‌ನ ಫೀನಿಕ್ಸ್‌ಗೆ ತಂದವರೇ.

ಫೀನಿಕ್ಸ್ 2009ರ ಜೂನಲ್ಲಿ ಶ್ಯಾಕ್‌ನ ಕ್ಲೀವ್‌ಲ್ಯಾಂಡ್‌ಗೆ ಕಳ್ಸಿ, ದೂರದಿಂದ ತ್ರೀ ಹಾಕೋ ಚ್ಯಾನಿಂಗ್ ಫ್ರೈ ಅನ್ನೋನನ್ನ ಕಮ್ಮಿ ರೇಟಿಗೆ ತಂತು. ಫ್ರೈ 172 ತ್ರೀ ಹಾಕ್ದ, ಟೀಮು ಮತ್ತೆ ಓಡೋಕೆ ಶುರು ಮಾಡಿ 54 ಗೆದ್ದು, ಪ್ಲೇಆಫಲ್ಲಿ ಸ್ಪರ್ಸ್‌ನ 4-0 ಬಡೀತು. ಅತ್ತ ಕ್ಲೀವ್‌ಲ್ಯಾಂಡ್ ಶ್ಯಾಕ್‌ನ ತಂದಿದ್ದು ಹಿಂದಿನ ವರ್ಷ ಅವರನ್ನ ಸೋಲ್ಸಿದ್ದ ಒರ್ಲಾಂಡೊದ ಡ್ವೈಟ್ ಹೋವರ್ಡ್‌ನ ತಡೆಯೋಕೆ. ಸೀಸನ್ನಲ್ಲಿ 61 ಗೆದ್ರು, ಆದ್ರೆ ಪ್ಲೇಆಫಲ್ಲಿ ಹೋವರ್ಡ್ ಎದುರಾಗೋಕೂ ಮುಂಚೆ ಎರಡನೇ ರೌಂಡಲ್ಲೇ ಬೋಸ್ಟನ್ ಕೈಲಿ ಸೋತು ಮನೆಗೆ ಹೋದ್ರು.