ರ‍್ಯಾಮ್ ಅಸಲಿಯೇ, ಕೂರಿಸಿದ ಜಾಗ ತಪ್ಪು

ಡೊಂಬಿವಲಿಯ ನಮ್ಮವನೇ ಒಬ್ಬ ಹುಡುಗ, ಮುಂಬೈಯ ಲ್ಯಾಮಿಂಗ್ಟನ್ ರೋಡಿನ ನನ್ನ ಕಂಪ್ಯೂಟರ್ ಅಂಗಡಿಗೆ ಬಂದ. ತಾನೇ ಜೋಡಿಸಿದ ಕಂಪ್ಯೂಟರನ್ನು ಲೋಕಲ್ ಟ್ರೇನಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. "ಅಣ್ಣ, 6000 ಸ್ಪೀಡ್ ಅಂತ ರ‍್ಯಾಮ್ ತಗೊಂಡೆ, 4800 ತೋರಿಸ್ತಿದೆ. ಡೂಪ್ಲಿಕೇಟ್ ಕೊಟ್ಟಿದ್ದಾರಾ?"

ಡೂಪ್ಲಿಕೇಟ್ ಅಲ್ಲ. ಈಗಿನ ತಲೆಮಾರಿನ ಡಿಡಿಆರ್5 ರ‍್ಯಾಮ್‌ನ ಡಬ್ಬಿಯ ಮೇಲಿರುವ ವೇಗ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಇಂಟೆಲ್ ಮದರ್‌ಬೋರ್ಡಾದರೆ ಎಕ್ಸ್‌ಎಂಪಿ, ಎಎಂಡಿಯಾದರೆ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕು. ಅಲ್ಲಿಯವರೆಗೆ ಹೆಚ್ಚಿನವು 4800ರಲ್ಲೇ ಓಡುತ್ತವೆ.

ಕ್ಯಾಬಿನೆಟ್ ಬಿಚ್ಚಿದರೆ ಇನ್ನೊಂದು ತಮಾಷೆ. ರ‍್ಯಾಮಿನ ಎರಡೂ ಸ್ಟಿಕ್ (ಪಟ್ಟಿ) ಮೊದಲೆರಡು ಸ್ಲಾಟಿನಲ್ಲಿ ಅಕ್ಕಪಕ್ಕ ಕೂತಿವೆ. ಪ್ರೊಸೆಸರಿಗೆ ರ‍್ಯಾಮ್ ತಲುಪುವ ದಾರಿ ಎರಡು. ಹೀಗೆ ಕೂರಿಸಿದರೆ ಒಂದು ದಾರಿ ಸುಮ್ನೆ ಖಾಲಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕುವುದು ವಾಡಿಕೆ. ಬೋರ್ಡಿನ ಮೇಲೆ ಎ2, ಬಿ2 ಅಂತ ಸಣ್ಣಗೆ ಬರೆದಿರುತ್ತಾರೆ. ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ. ಒತ್ತಿದರೂ ಕೂರದಿದ್ದರೆ ಜೋರು ಮಾಡಬೇಡಿ. ಹಿಂದಿನ ತಲೆಮಾರಿನ ಡಿಡಿಆರ್4, ಈಗಿನ ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.

ಕೊಳ್ಳುವಾಗ ಜನ ಎಂಎಚ್‌ಜೆಡ್ ಅನ್ನುವ ವೇಗದ ಅಂಕಿ ಒಂದನ್ನೇ ನೋಡುತ್ತಾರೆ. ಪಕ್ಕದ ಸಿಎಲ್ ಅಂಕಿಯನ್ನೂ ನೋಡಿ, ಕೇಳಿದ ಡೇಟಾ ಕೊಡಲು ರ‍್ಯಾಮ್ ಎಷ್ಟು ಕಾಯಿಸುತ್ತದೆ ಅನ್ನೋದರ ಲೆಕ್ಕ ಅದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಎಷ್ಟು ನ್ಯಾನೊಸೆಕೆಂಡ್ ಕಾಯಬೇಕು ಅನ್ನೋದು ಸಿಗುತ್ತದೆ. 6000 ಸಿಎಲ್30ಕ್ಕೆ 10, ಸಿಎಲ್36ಕ್ಕೆ 12. ಹಳೆಯ ಡಿಡಿಆರ್4ರ 3200 ಸಿಎಲ್16ಕ್ಕೂ ಅದೇ 10! ಹಳೆಯದು ಇರುವವರು ಸುಮ್ನೆ ಕೊರಗಬೇಡಿ.

ಇನ್ನೊಂದು ಮಾತು. 32 ಜಿಬಿ ಬೇಕಾದರೆ 16ರ ಜೋಡಿಯನ್ನೇ ಒಂದೇ ಡಬ್ಬಿಯಲ್ಲಿ ತಗೊಳ್ಳಿ. "ಈಗ ಎರಡು, ಮುಂದೆ ಇನ್ನೆರಡು" ಅನ್ನುವ ಲೆಕ್ಕ ಡಿಡಿಆರ್5ರಲ್ಲಿ ಕೈಕೊಡುತ್ತದೆ. ಎಎಂಡಿಯ ಎಎಂ5 ಅನ್ನುವ ಬಗೆಯ ಬೋರ್ಡಿನಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಕಂಪನಿ ಖಾತ್ರಿ ಕೊಡುವ ವೇಗವೇ 3600ಕ್ಕೆ ಇಳಿಯುತ್ತದೆ.

ಹುಡುಗನ ಸ್ಟಿಕ್ ಜಾಗ ಬದಲಿಸಿ, ಎಕ್ಸ್‌ಪೋ ಆನ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಸ್ಕ್ರೀನ್ ಕಪ್ಪು. ಒಂದು ನಿಮಿಷವಾಯಿತು, ಎರಡಾಯಿತು. ಅವನ ಕೈ ಪವರ್ ಬಟನ್ ಕಡೆ ಹೋಯಿತು, ತಡೆದೆ. ಬೋರ್ಡು ಹೊಸ ವೇಗಕ್ಕೆ ರ‍್ಯಾಮನ್ನು ಹೊಂದಿಸಿಕೊಳ್ಳುವ ಹೊತ್ತು ಅದು, ಆಫ್ ಮಾಡಿದರೆ ಮತ್ತೆ ಮೊದಲಿಂದ. ಕಟಿಂಗ್ ಚಹಾ ಮುಗಿಯುವಷ್ಟರಲ್ಲಿ 6000 ಬಂತು. ಆದರೂ ಅವನನ್ನು ಆಗಲೇ ಬಿಡಲಿಲ್ಲ, ಮೆಮ್‌ಟೆಸ್ಟ್ ಅನ್ನುವ ರ‍್ಯಾಮ್ ಪರೀಕ್ಷೆ ಹಾಕಿ ಊಟಕ್ಕೆ ಕಳಿಸಿದೆ.