ಕೆಲಸ ಬಿಟ್ಟವರು ಸ್ವಂತ ಆಫೀಸ್ ತೆರೆಯಬಾರದಾ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು ಮಂಗಳೂರಿನಲ್ಲಿ ನಾಲ್ಕೈದು ವರ್ಷ ದುಡಿದು, ಊರಿಗೆ ಬಂದು ಸ್ವಂತ ಅಕೌಂಟ್ಸ್ ಆಫೀಸೋ ಸಾಫ್ಟ್‌ವೇರ್ ಕೆಲಸವೋ ಶುರುಮಾಡುವುದು ಹೊಸದೇನಲ್ಲ. ರಾಜೀನಾಮೆ ಕೊಡುವಾಗ ಮಾತ್ರ ಆಫರ್ ಲೆಟರಿನ ಕೊನೆಯ ಪುಟ ನೆನಪಾಗುತ್ತದೆ. ‘ಕೆಲಸ ಬಿಟ್ಟ ಮೇಲೆ 2 ವರ್ಷ, 50 ಕಿಲೋಮೀಟರ್ ಒಳಗೆ ಇದೇ ವ್ಯವಹಾರ ಮಾಡಕೂಡದು’ ಎಂಬಂಥ ಸಾಲು. ಮಂಗಳೂರಿನಿಂದ 50 ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ ಕಾಸರಗೋಡು ಪೇಟೆವರೆಗೆ. ಊರೇ ಹೋಯಿತಲ್ವಾ?

ಇಂಥ ಸಾಲಿಗೆ ಕಾನೂನಿನ ಬಲ ತೀರಾ ಕಡಿಮೆ. 1872ರ ಕರಾರು ಕಾಯ್ದೆಯ ಸೆಕ್ಷನ್ 27 ನೇರವಾಗಿಯೇ ಹೇಳುತ್ತದೆ: ಒಬ್ಬನ ಕಸುಬು, ವ್ಯಾಪಾರಕ್ಕೆ ತಡೆ ಹಾಕುವ ಕರಾರು ಆ ಮಟ್ಟಿಗೆ ಅಸಿಂಧು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಕೇರಳಕ್ಕೆ ಸೇರಿತು. ಆದರೆ ತಲಪಾಡಿ ಗಡಿಯ ಆಚೆಗೂ ಈಚೆಗೂ ಸೆಕ್ಷನ್ ಒಂದೇ.

1874ರಲ್ಲಿ ಕಲ್ಕತ್ತಾದ ಒಬ್ಬ ಅಂಗಡಿಯವ, ದುಡ್ಡು ಕೊಡುತ್ತೇನೆ, ನಿನ್ನ ಅಂಗಡಿ ಮುಚ್ಚು ಎಂದು ಎದುರಾಳಿಗೆ ಹೇಳಿದ. ಅವನು ಮುಚ್ಚಿದ, ಇವನು ಕೊಡಲಿಲ್ಲ. ಕರಾರೇ ಅಸಿಂಧು ಎಂದಿತು ಕೋರ್ಟು. ಪಾಪ, ಮಾತು ಉಳಿಸಿಕೊಂಡವನೇ ಸೋತ! 1958ರಲ್ಲಿ ಕಾನೂನು ಆಯೋಗ ಸೆಕ್ಷನ್ ಸ್ವಲ್ಪ ಸಡಿಲಿಸಿ ಎಂದಿತು, ಯಾರೂ ಕೈಹಾಕಲಿಲ್ಲ.

ಗೊಂದಲ ಜಾಸ್ತಿಯಾದದ್ದು ಆಮೇಲೆ. 1967ರ ಗೋಲಿಕರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿದ ಅವಧಿ ಮುಗಿಯುವ ಮೊದಲೇ ಎದುರಾಳಿ ಕಂಪನಿಗೆ ಹೋದವರನ್ನು ತಡೆಯಬಹುದು ಎಂದಿತು. 1980ರ ಮುರ್ಗಾಯ್ ಪ್ರಕರಣ ನಮ್ಮ ವಿಷಯಕ್ಕೆ ಹತ್ತಿರ. ಕಂಪನಿಯೊಂದು ಕೆಲಸದಿಂದ ತೆಗೆದುಹಾಕಿದ ಮೇಲೆ ಮುರ್ಗಾಯ್ ದೆಹಲಿಯಲ್ಲಿ ಅದೇ ಬಗೆಯ ಸ್ವಂತ ವ್ಯವಹಾರ ತೆರೆದರು. ಹಳೆ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಸೋತಿತು. ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಕರಾರಿನ ಒಕ್ಕಣೆ ನೋಡಿಯೇ ಕೇಸು ಮುಗಿಸಿದರು. ಮೂರನೆಯವರಾದ ಎ.ಪಿ. ಸೇನ್, ಕೆಲಸ ಮುಗಿದ ನಂತರದ ತಡೆ ನಿಲ್ಲುವುದೇ ಇಲ್ಲ ಎಂದು ಬರೆದರು. ವಕೀಲರು ಇಂದಿಗೂ ಎತ್ತಿ ತೋರಿಸುವುದು ಆ ಭಾಗವನ್ನೇ.

ಹಾಗಂತ ಎಲ್ಲವೂ ಸುಮ್ನೆ ಬೆದರಿಕೆಯಲ್ಲ. ಸ್ವಂತ ಆಫೀಸ್ ತೆರೆಯುವುದು ಬೇರೆ, ಹಳೆ ಆಫೀಸಿನ ಗಿರಾಕಿಗಳ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ತಂದು ಒಬ್ಬೊಬ್ಬರಿಗೇ ಫೋನ್ ಮಾಡುವುದು ಬೇರೆ. ಎರಡನೆಯದಕ್ಕೆ ಕೋರ್ಟುಗಳು ತಡೆ ಕೊಟ್ಟಿವೆ. ಪಾಲುದಾರರಾಗಿದ್ದರೆ ಇನ್ನೂ ಬಿಗಿ. 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 36ರ ಪ್ರಕಾರ, ಹೊರಬಿದ್ದವರು ಅದೇ ವ್ಯಾಪಾರ ಮಾಡಬಹುದು, ಆದರೆ ಬೇರೆ ಕರಾರು ಇಲ್ಲದಿದ್ದರೆ ಫರ್ಮಿನ ಹೆಸರು ಬಳಸುವಂತಿಲ್ಲ, ಹಳೆ ಗಿರಾಕಿಗಳನ್ನು ಕರೆಯುವಂತಿಲ್ಲ. ಇಷ್ಟು ವರ್ಷ, ಇಂಥ ಊರಿನಲ್ಲಿ ಬೇಡ ಎಂದು ಬರೆದುಕೊಟ್ಟಿದ್ದರೆ, ಅದು ನ್ಯಾಯವಾಗಿದ್ದರೆ ನಿಲ್ಲುತ್ತದೆ. ಗುಡ್‌ವಿಲ್, ಅಂದರೆ ವ್ಯಾಪಾರದ ಹೆಸರು-ಗಿರಾಕಿ ಬಳಗವನ್ನೇ ಮಾರಿದವರಿಗೂ ಹೀಗೇ. ಅಣ್ಣತಮ್ಮಂದಿರು, ಸ್ನೇಹಿತರು ಸೇರಿ ಅಂಗಡಿ ನಡೆಸುವ ನಮ್ಮ ಕಡೆ ಇದನ್ನು ಯಾರೂ ಓದುವುದಿಲ್ಲ.

ಬಾಂಡ್ ಕಥೆಯೂ ಬೇರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, 3 ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು.

ಅದಕ್ಕಿಂತ ಒಂದು ತಿಂಗಳು ಮೊದಲು ಬಂದ ಇನ್ನೊಂದು ತೀರ್ಪಿನ ಸುದ್ದಿ ಕಡಿಮೆ. ‘ಇಂಥ ಊರಿನ ಕೋರ್ಟಿನಲ್ಲೇ ವ್ಯಾಜ್ಯ’ ಎಂಬ ಷರತ್ತು ಉದ್ಯೋಗದ ಕರಾರಿನಲ್ಲೂ ನಡೆಯುತ್ತದೆ ಎಂದಿತು ಅದು, ಆ ಕೋರ್ಟಿಗೆ ಮೊದಲೇ ಅಧಿಕಾರವಿದ್ದರೆ ಸಾಕು. 2 ವರ್ಷದ ತಡೆ ಅಸಿಂಧು ಹೌದು. ಆದರೆ ಕರಾರಿನಲ್ಲಿ ಬೆಂಗಳೂರು ಎಂದಿದ್ದರೆ, ಹಾಗೆಂದು ಹೇಳಿಸಿಕೊಳ್ಳಲು ಕಾಸರಗೋಡಿನ ಬದಿಯಡ್ಕದಲ್ಲಿ ಆಗತಾನೇ ಆಫೀಸ್ ತೆರೆದವರು ಬೆಂಗಳೂರಿನಲ್ಲಿ ವಕೀಲರನ್ನಿಟ್ಟು ವಾಯಿದೆ ವಾಯಿದೆಗೂ ಓಡಾಡಬೇಕು. ಲಾಯರ್ ನೋಟಿಸ್ ಬಂದ ಕೂಡಲೇ ಹೆಚ್ಚಿನವರು ಬೋರ್ಡ್ ಇಳಿಸುವುದು ಇದಕ್ಕೇ.