ಶೇಡ್ ಕಾರ್ಡಲ್ಲಿ ಒಂದು, ಗೋಡೆ ಮೇಲೆ ಇನ್ನೊಂದು

ರೂಮಿಗೆ ತಿಳಿ ಬೂದು ಹೊಡೆಸೋದಾ ಕ್ರೀಮ್ ಹೊಡೆಸೋದಾ ಅಂತ ತಲೆ ಕೆಡಿಸ್ಕೊಂಡಾಗ ಸುಮಾರು ಜನ ಮಾಡೋದು ಒಂದೇ, ಎರಡನ್ನೂ ಗೋಡೆ ಮೇಲೆ ಅಕ್ಕಪಕ್ಕ ಬಳಿದು ನೋಡೋದು. ಅಲ್ಲೇ ಕಣ್ಣು ಮೋಸ ಹೋಗೋದು ನೋಡಿ. ಪಕ್ಕಪಕ್ಕ ಇರೋ ಬಣ್ಣಗಳ ವ್ಯತ್ಯಾಸನ ನಮ್ಮ ಕಣ್ಣು ಮಿದುಳು ಸೇರ್ಕೊಂಡು ದೊಡ್ಡದು ಮಾಡಿ ತೋರಿಸ್ತವೆ, ಹಾಗಾಗಿ ಕ್ರೀಮ್ ಪಕ್ಕದ ಬೂದು ಸುಮ್‌ಸುಮ್ನೆ ನೀಲಿ ಹೊಡೆಯುತ್ತೆ. ಫ್ರಾನ್ಸಿನ ಕೆಮಿಸ್ಟ್ ಶೆವ್ರಲ್ ಅನ್ನೋರಿಗೆ ಇಂಥದ್ದೇ ಒಂದು ದೂರು ಬಂದಿತ್ತು, ಅವರು ಬಣ್ಣ ಹಾಕೋ ವಿಭಾಗ ನೋಡ್ಕೊಳ್ತಿದ್ದ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಕಪ್ಪು ನೂಲು ಮಂಕು ಅಂತ. ನೂಲಿನ ಕಪ್ಪು ಸರಿಯಾಗೇ ಇತ್ತು, ಪಕ್ಕದಲ್ಲಿ ನೇಯ್ದಿದ್ದ ನೀಲಿ ನೇರಳೆಗಳಿಂದ ಹಾಗೆ ಕಾಣ್ತಿತ್ತು ಅಷ್ಟೆ. 1839ರಲ್ಲಿ ಅವರು ಇದನ್ನ ವಿವರವಾಗಿ ಬರೆದ್ರು.

ಅದಕ್ಕೇ ಎರಡು ದೊಡ್ಡ ಬೋರ್ಡಿಗೆ ಬೇರೆಬೇರೆಯಾಗಿ ಎರಡು ಕೋಟ್ ಬಳಿದು, ಪೂರ್ತಿ ಒಣಗಿದ್ಮೇಲೆ ಒಂದನ್ನ ಎತ್ತಿಟ್ಟು ಇನ್ನೊಂದನ್ನ ನೋಡಿ.

ಆದ್ರೂ ನಾಲ್ಕೂ ಗೋಡೆಗೆ ಹೊಡೆದ್ಮೇಲೆ ಬಣ್ಣ ಗಾಢ ಆಗೇ ಆಗುತ್ತೆ, ಯಾಕಂದ್ರೆ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿತಾ ಇರುತ್ತೆ. ಕ್ರೀಮ್ ಗೋಡೆ ಹಳದಿ ಬೆಳಕಲ್ಲಿ 80% ವಾಪಸ್ ಕಳ್ಸುತ್ತೆ, ನೀಲಿಯಲ್ಲಿ 60% ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಮೂರು ಸಲ ಪುಟಿದ್ರೆ ಹಳದಿ ಸುಮಾರು 51%, ನೀಲಿ ಬರೀ 22% ಉಳಿಯುತ್ತೆ. ಮೂಲೆಗಳಲ್ಲಿ ಕ್ರೀಮ್ ಹಳದಿಗೆ ತಿರುಗಿದ ಹಾಗೆ ಕಾಣೋದು ಇದ್ರಿಂದಾನೇ. ಅಪ್ಪಟ ಬೂದು ಹೀಗೆ ಬಣ್ಣ ಬದಲಾಯಿಸಲ್ಲ, ಬರೀ ಕಪ್ಪಾಗ್ತಾ ಹೋಗುತ್ತೆ, ಆದ್ರೆ ಅಂಗಡಿಯಲ್ಲಿ ಸಿಗೋ ಬೂದುಗಳಲ್ಲಿ ಹೆಚ್ಚಿನವಕ್ಕೆ ಸಣ್ಣಗೆ ನೀಲಿನೋ ಹಸಿರೋ ಬೆರೆತಿರುತ್ತೆ, ಅದೂ ಇದೇ ಥರ ಜೋರಾಗುತ್ತೆ.

ಶೇಡ್ ಜೊತೆ ಎಲ್‌ಆರ್‌ವಿ ಅಂತ ಒಂದು ನಂಬರ್ ಕೊಟ್ಟಿದ್ರೆ ಅದನ್ನ ನೋಡಿ, ಬಣ್ಣದ ಚೆಂದದ ಹೆಸರಿಗಿಂತ ಅದೇ ಕೆಲಸಕ್ಕೆ ಬರೋದು. 0 ಅಂದ್ರೆ ಬೆಳಕನ್ನೆಲ್ಲ ನುಂಗೋ ಕಪ್ಪು, 100 ಅಂದ್ರೆ ಪೂರ್ತಿ ವಾಪಸ್ ಕಳ್ಸೋ ಬಿಳಿ. ಕಿಟಕಿ ಚಿಕ್ಕದಿರೋ ರೂಮಿಗೆ ಎರಡರಲ್ಲಿ ನಂಬರ್ ಜಾಸ್ತಿ ಇರೋದೇ ವಾಸಿ ಅಂತ ನನ್ನ ಲೆಕ್ಕ.

ಇನ್ನು ಬಲ್ಬ್. ಬೆಳಕಿನ ಬಣ್ಣ ಹೇಳೋ ಕೆಲ್ವಿನ್ ಅಂಕಿ ಬಲ್ಬಿನ ಡಬ್ಬಿ ಮೇಲಿರುತ್ತೆ. 2700 ಕೆಲ್ವಿನ್ ಅಂದ್ರೆ ಹಳದಿ ಬೆಳಕಿನ ಬಲ್ಬು, ಅದ್ರಲ್ಲಿ ನೀಲಿ ಬೆಳಕು ಕಮ್ಮಿ, ಕ್ರೀಮ್ ಬೆಚ್ಚಗೆ ಕಾಣುತ್ತೆ, ತಿಳಿ ನೀಲಿ-ಬೂದು ಮಂಕಾಗುತ್ತೆ, 6500ರ ಬಿಳಿ ಬೆಳಕಲ್ಲಿ ಉಲ್ಟಾ. ಹಗಲಲ್ಲಿ ಒಂದೇ ಥರ ಕಂಡ ಎರಡು ಶೇಡ್‌ಗಳು ರಾತ್ರಿ ಬೇರೆಬೇರೆ ಕಾಣೋದೂ ಉಂಟು, ಒಳಗಿನ ಪಿಗ್ಮೆಂಟ್, ಅಂದ್ರೆ ಬಣ್ಣ ಕೊಡೋ ಪುಡಿ, ಬೇರೆ ಆಗಿರೋದ್ರಿಂದ. ಬಲ್ಬ್ ಬದಲಾಯಿಸೋ ಯೋಚನೆ ಇದ್ರೆ ಮೊದ್ಲು ಅದನ್ನ ಹಾಕಿಸ್ಬಿಡಿ, ಬೋರ್ಡ್ ನೋಡೋದು ಆಮೇಲೆ.